ಅಪರೂಪದ ಪ್ರೊಮೊ ಕ್ಯಾಸೆಟ್ ಸಂಗ್ರಹ: ಗುರುತು ಹಿಡಿಯುವುದರಿಂದ ಕಪಾಟಿಗೆ ಸೇರಿಸುವವರೆಗೆ

ಪ್ರೊಮೊ ಕ್ಯಾಸೆಟ್, ಅಂದರೆ ಮಾರಾಟಕ್ಕಲ್ಲದೆ ಪ್ರಚಾರಕ್ಕೆಂದು ಹಂಚಿದ ಕ್ಯಾಸೆಟ್, ಕೊಂಡವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಪೊಟ್ಟಣ ಬಿಚ್ಚಿದ ಕೂಡಲೇ ಟೇಪನ್ನು ಡೆಕ್‌ಗೆ ಹಾಕಿ ಪ್ಲೇ ಒತ್ತುತ್ತಾರೆ. ಮೂವತ್ತು ವರ್ಷ ಅಲುಗಾಡದೆ ಬಿದ್ದಿದ್ದ ಟೇಪು ಅಲ್ಲೇ ತುಂಡಾಗುತ್ತದೆ, ಇಲ್ಲವೇ ಟೇಪನ್ನು ಒತ್ತಿ ಎಳೆಯುವ ರಬ್ಬರ್ ಉರುಳೆಯಾದ ಪಿಂಚ್ ರೋಲರ್‌ಗೆ ಸುತ್ತಿಕೊಂಡು ಸುಕ್ಕಾಗುತ್ತದೆ. ಹರಿದ ಮೇಲೆ ಮಾರಿದವರ ಹತ್ತಿರ ತಕರಾರು ಎತ್ತುವ ಹಕ್ಕೂ ಕೈತಪ್ಪುತ್ತದೆ. ಹಾಗಾಗಿ ಇಲ್ಲಿ ಹಂತಗಳಷ್ಟೇ ಅವುಗಳ ಕ್ರಮವೂ ಮುಖ್ಯ. ಕೇಳುವ ಸರದಿ ಬರುವುದು ಏಳನೇ ಹಂತದಲ್ಲಿ.

ಮೊದಲು ಕೈಯಲ್ಲಿರಬೇಕಾದ ಸಾಮಾನು

10 ಪಟ್ಟು ಮತ್ತು 30 ಪಟ್ಟು ದೊಡ್ಡದಾಗಿ ತೋರಿಸುವ ಎರಡು ಭೂತಗನ್ನಡಿ. ಸಣ್ಣ ಟಾರ್ಚ್. 0 ಮತ್ತು 1ನೇ ಸಂಖ್ಯೆಯ ಫಿಲಿಪ್ಸ್ ಸ್ಕ್ರೂಡ್ರೈವರ್. ಆರು ಮೂಲೆಯ ಪೆನ್ಸಿಲ್. ತುಂಡಾದ ಟೇಪು ಜೋಡಿಸಲು ಕ್ಯಾಸೆಟ್ ಅಗಲಕ್ಕೆಂದೇ ಮಾಡಿದ ಸ್ಪ್ಲೈಸಿಂಗ್ ಟೇಪ್, ಟೇಪನ್ನು ತೋಡಿನಲ್ಲಿ ಹಿಡಿದಿಡುವ ಸ್ಪ್ಲೈಸಿಂಗ್ ಬ್ಲಾಕ್, ಹೊಸ ಬ್ಲೇಡ್. 99 ಪ್ರತಿಶತ ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿಕಡ್ಡಿ, ನೈಟ್ರೈಲ್ ಕೈಗವಸು. ಜಿಪ್ ಚೀಲ, ಸಿಲಿಕಾ ಜೆಲ್, ತೇವಾಂಶ ಮಾಪಕ. ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಸ್ಕ್ರೂ ಇರುವ ಎರಡು ಮೂರು ಬೇಡದ ಕ್ಯಾಸೆಟ್‌ಗಳು. ಬಿಡಿಭಾಗ ಬೇಕಾದಾಗಲೆಲ್ಲ ಇವನ್ನೇ ಬಿಚ್ಚುವುದು.

ಹಂತ 1: ಯಾವ ಜಾತಿಯ ಪ್ರೊಮೊ ಎಂದು ಗೊತ್ತುಮಾಡಿಕೊಳ್ಳಿ

ಪ್ರೊಮೊ ಎಂಬ ಒಂದೇ ಹೆಸರಿನಡಿ ನಾಲ್ಕು ಬಗೆಯ ಮಾಲು ಓಡಾಡುತ್ತದೆ. ಅವುಗಳ ಬೆಲೆ ಅಜಗಜಾಂತರ.

ಅಡ್ವಾನ್ಸ್ ಕ್ಯಾಸೆಟ್: ಆಲ್ಬಮ್ ಬಿಡುಗಡೆಗೆ ಮೊದಲು ವಿಮರ್ಶಕರಿಗೆ, ರೇಡಿಯೊದವರಿಗೆ ಕಳಿಸಿದ್ದು. ಸಾಮಾನ್ಯವಾಗಿ ಚಿತ್ರವಿಲ್ಲದ ಬಿಳಿ ಜೆ-ಕಾರ್ಡ್ (ಡಬ್ಬಿಯೊಳಗೆ ಮಡಿಸಿಟ್ಟ ಕಾಗದ), ಅದರ ಮೇಲೆ ಹಾಡುಗಳ ಪಟ್ಟಿ, ಲೇಬಲ್‌ನ (ಸಂಗೀತ ಕಂಪನಿಯ) ವಿಳಾಸ, ಬಿಡುಗಡೆಯ ದಿನಾಂಕ. ಸಂಗ್ರಹಕಾರರು ನಿಜಕ್ಕೂ ಹುಡುಕುವುದು ಇದನ್ನೇ. ಹಾಡುಗಳ ಕ್ರಮ, ತಾತ್ಕಾಲಿಕ ಶೀರ್ಷಿಕೆ, ಬೇರೆ ಮಿಕ್ಸ್, ಆಮೇಲೆ ಕೈಬಿಟ್ಟ ಹಾಡು ಇವೆಲ್ಲ ಉಳಿದಿರುವುದು ಇಲ್ಲಿ.

ಸ್ಯಾಂಪ್ಲರ್: ಬೇರೆ ಬೇರೆ ಕಲಾವಿದರ ಅಥವಾ ಒಂದೇ ಆಲ್ಬಮ್ಮಿನ ಕೆಲವೇ ಹಾಡುಗಳು. ಎರಡೂ ಬದಿಯಲ್ಲಿ ಅದೇ ಹಾಡುಗಳಿದ್ದರೆ ಗಾಬರಿ ಬೇಡ, ಪ್ರೊಮೊದಲ್ಲಿ ಅದು ಮಾಮೂಲು.

ಕಚೇರಿ ಪ್ರತಿ: ಅಂಗಡಿಯಲ್ಲಿ ಸಿಗುವ ಖಾಲಿ ಕ್ಯಾಸೆಟ್‌ಗೆ ಲೇಬಲ್‌ನವರೋ ಸ್ಟುಡಿಯೊದವರೋ ನಕಲಿಸಿ, ಟೈಪ್ ಮಾಡಿದ ಚೀಟಿ ಅಂಟಿಸಿದ್ದು. ಅತಿ ಅಪರೂಪದ್ದೂ ಇದೇ, ಅತಿ ಸುಲಭವಾಗಿ ಖೋಟಾ ಮಾಡಬಹುದಾದದ್ದೂ ಇದೇ.

ಮೊಹರಿನ ಪ್ರತಿ: ಮಾರಾಟದ ಕ್ಯಾಸೆಟ್ಟಿಗೇ ‘ನಾಟ್ ಫಾರ್ ಸೇಲ್’ ಎಂದು ಚಿನ್ನದ ಬಣ್ಣದ ಮೊಹರು ಒತ್ತಿದ್ದು. ಒಳಗಿನ ಧ್ವನಿ ಅಂಗಡಿಯ ಪ್ರತಿಯದ್ದೇ. ಮೊಹರು ಫಳಫಳ ಎಂದಾಕ್ಷಣ ಜೇಬು ಸಡಿಲ ಬಿಡಬೇಡಿ.

ಇವುಗಳ ಪಕ್ಕದಲ್ಲೇ ಕಟ್-ಔಟ್ ಎಂಬ ಐದನೆಯದೊಂದು ನುಸುಳುತ್ತದೆ. ಮಾರಾಟವಾಗದೆ ಹಿಂದಿರುಗಿದ ಸರಕನ್ನು ಅಗ್ಗಕ್ಕೆ ತಳ್ಳುವಾಗ ಡಬ್ಬಿಯ ಅಂಚಿಗೆ ಗರಗಸದ ಗೀರು ಹಾಕುತ್ತಿದ್ದರು, ಇಲ್ಲವೇ ತೂತು ಕೊರೆಯುತ್ತಿದ್ದರು. ಮಾರುವವರು ಇದನ್ನು ‘ಪ್ರೊಮೊ ಪಂಚ್’ ಎಂದು ಕರೆದು ಗಿರಾಕಿಯ ಕಣ್ಣಿಗೆ ಮಣ್ಣೆರಚುತ್ತಾರೆ. ಗೀರು ಪ್ಲಾಸ್ಟಿಕ್ ಡಬ್ಬಿಯನ್ನೂ ಕಾಗದವನ್ನೂ ಒಟ್ಟಿಗೆ ಸೀಳಿದ್ದರೆ ಅದು ಬಹುತೇಕ ಕಟ್-ಔಟ್. ತೂತು ಜೆ-ಕಾರ್ಡಿನ ಬಾರ್‌ಕೋಡ್ ಮೇಲೆ ಮಾತ್ರ ಇದ್ದರೆ ಪ್ರೊಮೊ ಆಗಿರಲೂಬಹುದು. ಅಂಗಡಿಗೆ ತಂದು ದುಡ್ಡು ವಾಪಸ್ ಕೇಳಬಾರದೆಂದು ಲೇಬಲ್‌ಗಳು ಹಾಗೆ ಮಾಡುತ್ತಿದ್ದವು. ಮೊಹರು, ಸ್ಟಿಕರ್, ಜೊತೆಗೆ ಬಂದ, ಪತ್ರಕರ್ತರಿಗೆಂದು ಬರೆದ ಪತ್ರಿಕಾ ಹಾಳೆ ಯಾವುದೂ ಇಲ್ಲದಿದ್ದರೆ ಬರೀ ತೂತಿಗೆ ಹೆಚ್ಚು ಬೆಲೆ ಕೊಡಬೇಡಿ.

ಹಂತ 2: ಕೊಳ್ಳುವ ಮೊದಲು ಕೇಳಬೇಕಾದ ಫೋಟೊಗಳು

ಡಬ್ಬಿಯ ಮುಂಭಾಗದ ಒಂದು ಚಿತ್ರ ನೋಡಿ ತೀರ್ಮಾನಿಸುವಂತಿಲ್ಲ. ಕನಿಷ್ಠ ಇಷ್ಟು ಕೇಳಿ: ಪೂರ್ತಿ ಬಿಡಿಸಿದ ಜೆ-ಕಾರ್ಡಿನ ಎರಡೂ ಮಗ್ಗುಲು, ಶೆಲ್‌ನ (ಕ್ಯಾಸೆಟ್ಟಿನ ಪ್ಲಾಸ್ಟಿಕ್ ಮೈಯ) ಎರಡೂ ಬದಿ, ಟೇಪು ಕಾಣುವ ತೆರೆದ ಅಂಚು, ಅದರ ಎದುರಿನ ಅಂಚು, ಕಿಟಕಿಯ ಮೂಲಕ ಕಾಣುವ ಸುರುಳಿ. ಕೊನೆಯ ಮೂರನ್ನು ಕಳಿಸಲು ಹಿಂದೆಮುಂದೆ ನೋಡುವವರ ಹತ್ತಿರ ವ್ಯವಹಾರ ಬೇಡ.

ಟೇಪು ಕಾಣುವ ಅಂಚಿನ ಮಧ್ಯದಲ್ಲಿ ಸಣ್ಣ ಫೆಲ್ಟ್ ತುಂಡು ಇದೆಯೇ ನೋಡಿ. ಎದುರಿನ ಅಂಚಿನಲ್ಲಿ ಅಳಿಸದಂತೆ ತಡೆಯುವ ಕಿವಿಗಳು ಹೇಗಿವೆ ನೋಡಿ. ಕಾರ್ಖಾನೆಯಲ್ಲಿ ತುಂಬಿದ ಕ್ಯಾಸೆಟ್ಟಿನಲ್ಲಿ ಆ ಜಾಗ ಸಾಮಾನ್ಯವಾಗಿ ಖಾಲಿ. ಅಲ್ಲಿ ಅಂಟುಪಟ್ಟಿ ಹಚ್ಚಿದ್ದರೆ ಯಾರೋ ಮೇಲೆ ಬೇರೇನೋ ರೆಕಾರ್ಡ್ ಮಾಡಲು ಹೊರಟಿದ್ದರು ಎಂದೇ ಅರ್ಥ.

ಬೆಲೆಗೆ ಸಂಗೀತ ಮುದ್ರಿಕೆಗಳ ಜಾಲತಾಣವಾದ ಡಿಸ್ಕಾಗ್ಸ್ ದತ್ತಾಂಶದಲ್ಲಿ ಮಾರಾಟವಾದ ದರ ನೋಡಿ, ಕೇಳುತ್ತಿರುವ ದರವನ್ನಲ್ಲ. ಆಸೆಗೆ ಬರೆದ ಸಂಖ್ಯೆ ವರ್ಷಗಟ್ಟಲೆ ಹಾಗೇ ನಿಂತಿರುತ್ತದೆ. ‘ಸೀಲ್ ಒಡೆಯದ ಅಡ್ವಾನ್ಸ್ ಕ್ಯಾಸೆಟ್’ ಎಂಬ ಮಾತಿಗೂ ಕಿವಿ ನೆಟ್ಟಗಾಗಲಿ. ಪ್ರೊಮೊಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಕಳಿಸಿದ್ದು ಕಡಿಮೆ. ಸುತ್ತುವ ಯಂತ್ರ ಇಂದು ಯಾರಿಗೆ ಬೇಕಾದರೂ ಸಿಗುತ್ತದೆ.

ಹಂತ 3: ಕಾಗದದಿಂದ ಕಾಲ ಅಳೆಯುವುದು

ಇಲ್ಲಿ ನಿಧಾನಿಸಿ. ಹಣ ಉಳಿಯುವುದೂ ಹೋಗುವುದೂ ಈ ಹಂತದಲ್ಲಿ. ಅಡ್ವಾನ್ಸ್ ಕ್ಯಾಸೆಟ್‌ಗಳು ಮೊದಲೇ ಅಗ್ಗವಾಗಿ, ಆತುರದಲ್ಲಿ ತಯಾರಾದವು. ಹಾಗಾಗಿ ಮುದ್ರಣ ಸೊಗಸಾಗಿಲ್ಲ ಎಂಬುದು ಖೋಟಾದ ಗುರುತಲ್ಲ, ಸೊಗಸಾಗಿದೆ ಎಂಬುದು ಅಸಲಿಯ ಗುರುತೂ ಅಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಈ ಚೀಟಿಯ ಮೇಲಿರುವುದೆಲ್ಲ ಆ ವರ್ಷದಲ್ಲಿ ಇತ್ತೇ?

ಅಕ್ಷರವಿನ್ಯಾಸ ಹಿಡಿದುಕೊಡುವಷ್ಟು ಬೇರೇನೂ ಹಿಡಿದುಕೊಡುವುದಿಲ್ಲ. ಕ್ಯಾಲಿಬ್ರಿ ಜನರ ಕೈಗೆ ಬಂದದ್ದು 2007ರಲ್ಲಿ, ವರ್ಡಾನಾ 1996ರಲ್ಲಿ. 1991 ಎಂದು ಬರೆದ ಚೀಟಿಯಲ್ಲಿ ಇವೆರಡರಲ್ಲಿ ಯಾವುದು ಕಂಡರೂ ಮಾತು ಮುಗಿಯಿತು. ಎಚ್‌ಪಿ ಲೇಸರ್‌ಜೆಟ್ ಮುದ್ರಕ ಮಾರುಕಟ್ಟೆಗೆ ಬಂದದ್ದು 1984ರಲ್ಲಿ. ಅದಕ್ಕೂ ಹಿಂದಿನ ಕಚೇರಿ ಪ್ರತಿಗಳಲ್ಲಿ ಇರಬೇಕಾದದ್ದು ಟೈಪ್‌ರೈಟರ್, ಫೋಟೊಕಾಪಿ ಅಥವಾ ಕೈಬರಹ.

ವಿಳಾಸ, ಫೋನ್ ಸಂಖ್ಯೆಗಳೂ ಸಾಕ್ಷಿಗಳೇ. ಲಂಡನ್ನಿನ ಲೇಬಲ್ ಆದರೆ 1990ರ ಮೇ ವರೆಗೆ ಫೋನ್ ಸಂಕೇತ 01. ಅಲ್ಲಿಂದ 071 ಮತ್ತು 081, 1995ರ ಏಪ್ರಿಲ್‌ನಿಂದ 0171 ಮತ್ತು 0181, 2000ದಿಂದ 020. ಜರ್ಮನಿಯ ವಿಳಾಸದಲ್ಲಿ ಅಂಚೆ ಸಂಖ್ಯೆ ಐದು ಅಂಕಿಯದಾದದ್ದು 1993ರ ಜುಲೈ 1ರಿಂದ, ಅದಕ್ಕೆ ಮೊದಲು ನಾಲ್ಕೇ ಅಂಕಿ. 1988ರ ಲಂಡನ್ ಅಡ್ವಾನ್ಸ್ ಮೇಲೆ 0171 ಕಂಡರೆ ಚೀಟಿ ಬರೆದವರು ಎಷ್ಟೋ ವರ್ಷ ತಡವಾಗಿ ಬರೆದಿದ್ದಾರೆ. ಮಿಂಚಂಚೆ ವಿಳಾಸ, ಜಾಲತಾಣದ ವಿಳಾಸ ಇವಕ್ಕೂ ಅದೇ ಲೆಕ್ಕ.

ಈಗ 30 ಪಟ್ಟಿನ ಗಾಜು. ಆಫ್‌ಸೆಟ್ ಮುದ್ರಣದ ಬಣ್ಣದ ಚಿತ್ರದಲ್ಲಿ ಚುಕ್ಕೆಗಳು ಹೂವಿನ ದಳಗಳಂತೆ ಸಾಲಾಗಿ ಕೂತಿರುತ್ತವೆ. ಇಂಕ್‌ಜೆಟ್ಟಿನಲ್ಲಿ ಚುಕ್ಕೆಗಳು ಚೆಲ್ಲಾಪಿಲ್ಲಿ, ಅಕ್ಷರದ ಅಂಚಿನಲ್ಲಿ ಶಾಯಿ ಕಾಗದದ ನಾರಿಗೆ ಹರಿದಿರುತ್ತದೆ. ಲೇಸರ್ ಮತ್ತು ಫೋಟೊಕಾಪಿಯಲ್ಲಿ ಪುಡಿ ಕಾಗದದ ಮೇಲೆ ಉಬ್ಬಿ ಕೂತು, ಟಾರ್ಚನ್ನು ಓರೆಯಾಗಿ ಹಿಡಿದರೆ ಮಿನುಗುತ್ತದೆ, ಸುತ್ತ ಅಲ್ಲಲ್ಲಿ ಒಂಟಿ ಕರಿಚುಕ್ಕೆಗಳು. ಬಿಳಿ ಅಡ್ವಾನ್ಸ್ ಚೀಟಿಯಲ್ಲಿ ಕಪ್ಪು ಪುಡಿ ಇದ್ದರೆ ಸಹಜ. ಪೂರ್ಣಬಣ್ಣದ ಮುಖಪುಟ ಇಂಕ್‌ಜೆಟ್ಟಿನಲ್ಲಿದ್ದರೆ ಅದು ಯಾರದೋ ಮನೆಯ ಕೆಲಸ.

ನೇರಳಾತೀತ ದೀಪದಲ್ಲಿ ಕಾಗದ ನೀಲಿಯಾಗಿ ಹೊಳೆದರೆ ಹೊಸದು ಎಂಬ ಮಾತು ಬಹಳ ಓಡುತ್ತದೆ. ನಂಬಬೇಡಿ. ಹೊಳಪು ಕೊಡುವ ರಾಸಾಯನಿಕ ಕ್ಯಾಸೆಟ್ ಹುಟ್ಟುವ ಮೊದಲಿನಿಂದಲೂ ಕಾಗದದಲ್ಲಿದೆ. ಒಂದೇ ಜೆ-ಕಾರ್ಡಿನ ಮೇಲೆ ಅಂಟಿಸಿದ ಸ್ಟಿಕರ್ ಒಂದು ರೀತಿ, ಉಳಿದ ಕಾಗದ ಇನ್ನೊಂದು ರೀತಿ ಹೊಳೆಯುತ್ತಿದೆಯೇ ಎಂದು ಹೋಲಿಸಲಷ್ಟೇ ಆ ದೀಪ ಸಾಕು.

ಹಂತ 4: ಶೆಲ್ ಏನು ಹೇಳುತ್ತದೆ

ಮೇಲಂಚನ್ನು ಬೆಳಕಿಗೆ ಹಿಡಿಯಿರಿ. ಕಿವಿಗಳ ಪಕ್ಕದಲ್ಲಿ ಹೆಚ್ಚುವರಿ ಕಚ್ಚು ಇದ್ದರೆ ಎರಡನೇ ಬಗೆಯ, ಅಂದರೆ ಕ್ರೋಮ್ ವರ್ಗದ ಟೇಪು. ಮಧ್ಯದಲ್ಲೂ ಒಂದು ಜೋಡಿ ಇದ್ದರೆ ನಾಲ್ಕನೇ ಬಗೆಯ ಲೋಹ ಟೇಪು. ಲೋಹ ಟೇಪು ಬಂದದ್ದೇ 1970ರ ದಶಕದ ಕೊನೆಗೆ. ಅದಕ್ಕೂ ಹಿಂದಿನ ಆಲ್ಬಮ್ಮಿನ ‘ಅಡ್ವಾನ್ಸ್’ ಅಂಥ ಶೆಲ್‌ನಲ್ಲಿದ್ದರೆ ಬದಿಗಿಡಿ. ಟೇಪಿನ ಹಿಸ್ ಸದ್ದು ತಗ್ಗಿಸುವ ವ್ಯವಸ್ಥೆಗಳಲ್ಲಿ ಡಾಲ್ಬಿ ಸಿ 1980ರದ್ದು, ಡಾಲ್ಬಿ ಎಸ್ 1989ರದ್ದು. ಚಿಹ್ನೆಗಳಿಗೂ ವಯಸ್ಸಿದೆ.

ಇನ್ನು ಟೇಪಿನ ಉದ್ದ. ಕಾರ್ಖಾನೆಯಲ್ಲಿ ಖಾಲಿ ಶೆಲ್‌ಗೆ ಕಾರ್ಯಕ್ರಮದ ಉದ್ದಕ್ಕೆ ಕತ್ತರಿಸಿದ ಟೇಪನ್ನೇ ತುಂಬುತ್ತಿದ್ದರು. ಹಾಡು ಮುಗಿದ ಸ್ವಲ್ಪ ಹೊತ್ತಿಗೆ ಬದಿಯೂ ಮುಗಿಯುತ್ತದೆ. 42 ನಿಮಿಷದ ಆಲ್ಬಮ್ ಸಿ-90 (ಎರಡೂ ಬದಿ ಸೇರಿ 90 ನಿಮಿಷದ) ಶೆಲ್‌ನಲ್ಲಿದ್ದು, ಪ್ರತಿ ಬದಿಯ ಕೊನೆಗೆ ಇಪ್ಪತ್ತು ಇಪ್ಪತ್ನಾಲ್ಕು ನಿಮಿಷ ಮೌನವಿದ್ದರೆ ಅದು ಖಾಲಿ ಕ್ಯಾಸೆಟ್ಟಿಗೆ ಇಳಿಸಿದ ಪ್ರತಿ. ಕಚೇರಿ ಪ್ರತಿ ಎಂದು ಮಾರುತ್ತಿದ್ದರೆ ಸರಿ, ಆದರೆ ಆಗ ಕೈಯಿಂದ ಕೈಗೆ ಬಂದ ಜಾಡು ಬೇಕು: ಜೊತೆಗೆ ಬಂದ ಪತ್ರ, ಲಕೋಟೆ, ಪತ್ರಿಕಾ ಹಾಳೆ. ಜಾಡಿಲ್ಲದ ಕಚೇರಿ ಪ್ರತಿಗೆ ಖಾಲಿ ಕ್ಯಾಸೆಟ್ಟಿನ ಬೆಲೆಗಿಂತ ಹೆಚ್ಚು ಕೊಡುವುದು ಜೂಜು.

ಹಂತ 5: ಪ್ರತ್ಯೇಕವಾಗಿಡಿ

ಮನೆಗೆ ಬಂದ ಟೇಪನ್ನು ನೇರವಾಗಿ ಸಂಗ್ರಹದ ಜೊತೆ ಇಡಬೇಡಿ. ಮೊದಲು ಬಂದ ಸ್ಥಿತಿಯಲ್ಲೇ ಎಲ್ಲ ಮಗ್ಗುಲಿನ ಫೋಟೊ ತೆಗೆಯಿರಿ. ಆಮೇಲೆ ಕಿಟಕಿಯೊಳಗೆ ಟಾರ್ಚ್ ಬಿಟ್ಟು ಸುರುಳಿಯ ಅಂಚು ನೋಡಿ. ಅದು ಗ್ರಾಮಫೋನ್ ತಟ್ಟೆಯಂತೆ ಸಪಾಟಾಗಿ, ಕಂದು ಅಥವಾ ಕಪ್ಪಾಗಿ ಕಾಣಬೇಕು.

ಬಿಳಿ ಕಂಡರೆ ಎರಡು ಸಾಧ್ಯತೆ. ಜೇಡರ ಬಲೆಯಂತೆ ಕವಲೊಡೆದು, ಮುಗ್ಗಲು ವಾಸನೆ ಬಂದರೆ ಬೂಷ್ಟು. ಎಲ್ಲೆಡೆ ಒಂದೇ ಸಮನೆ ತೆಳುವಾಗಿ ಹರಡಿದ ಪುಡಿಯಾದರೆ ಟೇಪಿನೊಳಗಿನ ಜಾರುವ ಪದಾರ್ಥ ಹೊರಬಂದಿರುವ ಸಂಭವ ಹೆಚ್ಚು. ಬೂಷ್ಟು ಹಿಡಿದದ್ದನ್ನು ಎನ್95 ಮಾಸ್ಕ್ ಹಾಕದೆ ಮುಟ್ಟಬೇಡಿ. ಸಿಲಿಕಾ ಜೆಲ್ ಜೊತೆ ಜಿಪ್ ಚೀಲದಲ್ಲಿಟ್ಟು ಒಂದೆರಡು ವಾರ ಒಣಗಲು ಬಿಡಿ. ಹಸಿ ಬೂಷ್ಟು ಒರೆಸಿದರೆ ಟೇಪಿಗೆ ಮೆತ್ತುತ್ತದೆ, ಒಣಗಿದ್ದು ಉದುರುತ್ತದೆ. ಅಂಥ ಟೇಪನ್ನು ಒಳ್ಳೆಯ ಡೆಕ್‌ನಲ್ಲಿ ಒಮ್ಮೆ ಓಡಿಸಿದರೂ ಮುಂದಿನ ಎಲ್ಲ ಟೇಪಿಗೂ ಅಂಟಿಸಿಕೊಂಡಂತೆ. ಕಳೆದುಕೊಂಡರೂ ಬೇಸರವಿಲ್ಲದ ಹಳೆಯ ಡೆಕ್ ಒಂದು ಈ ಕೆಲಸಕ್ಕೇ ಇರಲಿ. ಮತ್ತೊಂದು ಮಾತು: ದೊಡ್ಡ ರೀಲು ಟೇಪುಗಳನ್ನು ಬಿಸಿ ಮಾಡಿ ಸರಿಪಡಿಸುವ ಕ್ರಮ ಕೇಳಿ, ಕ್ಯಾಸೆಟ್ಟನ್ನು ಓವನ್‌ಗೆ ಹಾಕಬೇಡಿ. ಶೆಲ್ ಸೊಟ್ಟಗಾಗುತ್ತದೆ.

ಹಂತ 6: ರಿಪೇರಿ, ಪ್ಲೇ ಒತ್ತುವ ಮೊದಲು

ಪೆನ್ಸಿಲನ್ನು ಚಕ್ರದ ಹಲ್ಲಿಗೆ ಕೊಟ್ಟು ಎರಡೂ ಕಡೆ ಹತ್ತು ಸುತ್ತು ತಿರುಗಿಸಿ. ಸಲೀಸಾಗಿ ತಿರುಗಬೇಕು. ಬಿಗಿ ಅನಿಸಿದರೆ, ಜಿಗಿದರೆ, ಕಿರ್ ಎಂದರೆ ಅಲ್ಲೇ ನಿಲ್ಲಿಸಿ. ಆಮೇಲೆ ಫೆಲ್ಟ್ ಪ್ಯಾಡನ್ನು ಹತ್ತಿಕಡ್ಡಿಯ ತುದಿಯಿಂದ ಮೆಲ್ಲಗೆ ಸರಿಸಲು ನೋಡಿ. ಹಳೆಯ ಅಂಟು ಒಣಗಿ ಪ್ಯಾಡು ಹೆಸರಿಗಷ್ಟೇ ಅಲ್ಲಿ ಕೂತಿರುತ್ತದೆ. ಅದು ಬಿದ್ದರೆ ಟೇಪು ಡೆಕ್‌ನ ಧ್ವನಿ ಓದುವ ಹೆಡ್‌ಗೆ ಒತ್ತದೆ ತಾರಸ್ವರಗಳು ಮಾಯವಾಗುತ್ತವೆ, ಕೇಳುವವರು ರೆಕಾರ್ಡಿಂಗೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಹೊಸ ಫೆಲ್ಟ್ ಅಂಟಿಸುವ ಗೋಜಿಗಿಂತ ಬೇಡದ ಕ್ಯಾಸೆಟ್ಟಿನ ಪ್ಯಾಡು-ಸ್ಪ್ರಿಂಗ್ ಎರಡನ್ನೂ ಒಟ್ಟಿಗೆ ತಂದು ಕೂರಿಸುವುದು ವಾಸಿ.

ಸ್ಕ್ರೂ ಇರುವ ಶೆಲ್‌ನಲ್ಲಿ ಸಾಮಾನ್ಯವಾಗಿ ಐದು ಸ್ಕ್ರೂ. ಮೇಜಿನ ಮೇಲೆ ಸಪಾಟಾಗಿಟ್ಟು, ಮೇಲಿನ ಅರ್ಧವನ್ನು ನೇರವಾಗಿ ಎತ್ತಿ. ಓರೆಯಾದರೆ ಸುರುಳಿ ಚೆಲ್ಲುತ್ತದೆ. ಎತ್ತಿದ ತಕ್ಷಣ ಒಂದು ಫೋಟೊ: ಮೂಲೆಗಳ ಎರಡು ಉರುಳೆ, ಅವುಗಳ ಹೊರಗಿನಿಂದ ಹಾಯುವ ಟೇಪು, ಪ್ಯಾಡು, ಅದರ ಹಿಂದೆ ಲೋಹದ ತಗಡು, ಸುರುಳಿಯ ಮೇಲೂ ಕೆಳಗೂ ಜಾರುವ ಹಾಳೆ. ಮರಳಿ ಜೋಡಿಸುವಾಗ ಟೇಪು ಪ್ಯಾಡಿನ ಹಿಂದೆ ಹೋಗಿಬಿಡುವುದು ಎಲ್ಲರೂ ಮಾಡುವ ತಪ್ಪು. ಟೇಪು ಪ್ಯಾಡಿನ ಮುಂದೆ, ಹೊರಗೆ ಕಾಣುವಂತೆ ಇರಬೇಕು.

ಅಂಟಿಸಿ ಮುಚ್ಚಿದ ಶೆಲ್‌ಗೆ ಸ್ಕ್ರೂ ಇರುವುದಿಲ್ಲ. ಬ್ಲೇಡನ್ನು ಬೆಸುಗೆಯ ಗೆರೆಗುಂಟ ತುಸುವೇ ಇಳಿಸುತ್ತ ಬಿಡಿಸಿ, ಸುರುಳಿಯನ್ನು ಬೇರೆ ಶೆಲ್‌ಗೆ ದಾಟಿಸಬಹುದು. ಆದರೆ ಹೆಸರು ಮುದ್ರಿತವಾದ ಅಸಲಿ ಶೆಲ್ ಹಾಳಾಯಿತೆಂದರೆ ಆ ಪ್ರೊಮೊದ ಅರ್ಧ ಬೆಲೆ ಹೋದಂತೆ. ಟೇಪು ಓಡುತ್ತಿದ್ದರೆ ಬಿಡಿಸುವ ಸಾಹಸ ಬೇಡ. ಬಿಡಿಸಲೇಬೇಕಾಗಿ ಬಂದರೆ ಹಳೆಯ ಶೆಲ್‌ನ ಎರಡೂ ಹೋಳುಗಳನ್ನು ಎತ್ತಿಡಿ.

ತುಂಡಾದ ಟೇಪು ಜೋಡಿಸುವುದು ಹೀಗೆ. ಎರಡೂ ತುದಿಯ ಸುಕ್ಕಾದ ಭಾಗವನ್ನು ಮಾತ್ರ ಕತ್ತರಿಸಿ. ಟೇಪು ಸೆಕೆಂಡಿಗೆ 4.76 ಸೆಂ.ಮೀ. ಓಡುತ್ತದೆ, ಒಂದು ಸೆಂಟಿಮೀಟರ್ ಹೋದರೆ ಸುಮಾರು ಐದನೇ ಒಂದು ಸೆಕೆಂಡು ಸಂಗೀತ ಹೋಯಿತು. ಬ್ಲಾಕಿನ ತೋಡಿನಲ್ಲಿ ಎರಡು ತುದಿಗಳನ್ನು ಸಂದಿಲ್ಲದಂತೆ, ಒಂದರ ಮೇಲೊಂದು ಏರದಂತೆ ಸೇರಿಸಿ, ಹೆಡ್‌ಗೆ ತಾಗದ ಹಿಂಬದಿಗೆ ಸ್ಪ್ಲೈಸಿಂಗ್ ಟೇಪ್ ಹಚ್ಚಿ, ಉಗುರಿನಿಂದ ಉಜ್ಜಿ. ಕ್ಯಾಸೆಟ್ಟಿನಲ್ಲಿ ಹೆಡ್‌ಗೆ ತಾಗುವುದು ಹೊರಮುಖ, ಅಂಟಿಸಬೇಕಾದದ್ದು ಒಳಮುಖಕ್ಕೆ. ಮನೆಯಲ್ಲಿರುವ ಸಾಮಾನ್ಯ ಅಂಟುಪಟ್ಟಿ ಹಚ್ಚಿದರೆ ವರ್ಷ ಕಳೆಯುವುದರೊಳಗೆ ಅಂಟು ಒಸರಿ ಪಕ್ಕದ ಸುತ್ತುಗಳನ್ನೂ ಹಿಡಿಯುತ್ತದೆ.

ಹಂತ 7: ಮೊದಲ ಓಟ

ಡೆಕ್‌ನ ಹೆಡ್ ಮತ್ತು ಟೇಪನ್ನು ಎಳೆಯುವ ಲೋಹದ ದಂಡವಾದ ಕ್ಯಾಪ್‌ಸ್ಟನ್‌ಗಳನ್ನು ಆಲ್ಕೊಹಾಲಿನಿಂದ ಒರೆಸಿ, ಕಡ್ಡಿ ಬೆಳ್ಳಗೆ ಬರುವವರೆಗೆ. ರಬ್ಬರ್ ರೋಲರ್‌ಗೆ ರಬ್ಬರ್‌ಗೆಂದೇ ಇರುವ ದ್ರಾವಣ ಒಳ್ಳೆಯದು. ಹೆಡ್‌ನ ಕಾಂತತ್ವ ತೆಗೆಯುವ ಉಪಕರಣ ಬಳಸುವುದಾದರೆ ಟೇಪುಗಳಿಂದ ದೂರದಲ್ಲಿ, ಡೆಕ್ ಆಫ್ ಆಗಿರುವಾಗ ಮಾತ್ರ. ಉಪಕರಣವನ್ನು ಒಂದು ಮೀಟರ್ ದೂರದಲ್ಲಿ ಆನ್ ಮಾಡಿ, ನಿಧಾನ ಹತ್ತಿರ ತಂದು, ಅಷ್ಟೇ ನಿಧಾನ ದೂರ ಒಯ್ದು ಆಮೇಲೆ ಆಫ್ ಮಾಡಿ. ಹತ್ತಿರದಲ್ಲೇ ಆಫ್ ಮಾಡಿದರೆ ಹೆಡ್ ಇನ್ನಷ್ಟು ಕಾಂತವಾಗುತ್ತದೆ.

ನಂತರ ಒಂದು ಬೇಡದ ಟೇಪು ಓಡಿಸಿ ಡೆಕ್ ಸರಿಯಿದೆಯೆಂದು ಖಾತ್ರಿ ಮಾಡಿಕೊಳ್ಳಿ. ಪ್ರೊಮೊ ಟೇಪನ್ನು ಮೊದಲು ಪೂರ್ತಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿದರೆ ಒತ್ತಿಕೊಂಡ ಸುತ್ತುಗಳು ಸಡಿಲವಾಗುತ್ತವೆ. ವೇಗದ ಸುತ್ತನ್ನು ತುದಿ ಮುಟ್ಟುವ ಮೊದಲೇ ನಿಲ್ಲಿಸಿ, ಉಳಿದದ್ದು ಪೆನ್ಸಿಲ್‌ನಿಂದ. ಹಳೆಯ ಟೇಪು ಹೆಚ್ಚಾಗಿ ಕಿತ್ತುಬರುವುದು ತುದಿಯ ಪಾರದರ್ಶಕ ಪಟ್ಟಿಯಾದ ಲೀಡರ್ ಸೇರುವ ಜಾಗದಲ್ಲಿ, ಅದೂ ತುದಿಯ ಝಟಕಾಕ್ಕೆ.

ಪ್ಲೇ ಒತ್ತಿದ ಮೇಲೆ ಕಿರುಚುವ ಸದ್ದು ಬಂದರೆ ಕೂಡಲೇ ನಿಲ್ಲಿಸಿ. ಮಬ್ಬು ಮಾತ್ರ ಆದರೆ ಹೆಡ್‌ನ ವಾಲುವಿಕೆ ಆ ಟೇಪಿಗೆ ಹೊಂದುತ್ತಿಲ್ಲ. ಮೊನೊದಲ್ಲಿ ಕೇಳುತ್ತ, ಹೆಡ್ ಪಕ್ಕದಲ್ಲಿ ಆ ವಾಲುವಿಕೆ ಹೊಂದಿಸುವ ಅಝಿಮತ್ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಆಚೀಚೆ ಮಾಡಿ, ಝಲ್ಲರಿಯ ಸದ್ದು ಅತಿ ಸ್ಪಷ್ಟವಾದಲ್ಲಿ ನಿಲ್ಲಿಸಿ. ಮೂಲ ಸ್ಥಾನದ ಗುರುತು ಹಾಕಿಕೊಂಡಿರಿ.

ಅಡ್ವಾನ್ಸ್ ಚೀಟಿಯಲ್ಲಿ ಡಾಲ್ಬಿ ಬಗ್ಗೆ ಏನೂ ಬರೆಯದಿರುವುದು ಸಾಮಾನ್ಯ. ಡಾಲ್ಬಿ ಬಿ ಹಾಕಿದಾಗ ಸದ್ದು ಮಂಕಾಗಿ ಉಸಿರಾಡುವಂತೆ ಏರಿಳಿದರೆ ಆ ಟೇಪಿಗೆ ಡಾಲ್ಬಿ ಇಲ್ಲ. ತೆಗೆದಾಗ ಚುರುಕು ಅತಿಯಾಗಿ, ಹಿಸ್ಸೂ ಹೆಚ್ಚಿದ್ದರೆ ಇದೆ. ಕ್ರೋಮ್ ಟೇಪಿನ ಮಾರಾಟದ ಕ್ಯಾಸೆಟ್‌ಗಳನ್ನೂ ಎಷ್ಟೋ ಸಲ 120 ಮೈಕ್ರೋಸೆಕೆಂಡಿನ ಸಾಮಾನ್ಯ ಈಕ್ವಲೈಸೇಶನ್‌ನಲ್ಲೇ (ತಾರಸ್ವರಗಳ ಮಟ್ಟ ಹೊಂದಿಸುವ ಕ್ರಮ) ತುಂಬಿದ್ದಾರೆ. ಅದಕ್ಕೇ ಅವುಗಳ ಶೆಲ್‌ನಲ್ಲಿ ಕ್ರೋಮ್ ಕಚ್ಚು ಇರುವುದಿಲ್ಲ. ಚೀಟಿಯಲ್ಲಿ ‘ಕ್ರೋಮ್’ ಎಂದಿದೆಯೆಂದು ಡೆಕ್ಕಿನ ಗುಂಡಿಯನ್ನು 70 ಮೈಕ್ರೋಸೆಕೆಂಡಿಗೆ ತಿರುಗಿಸಬೇಡಿ.

ಹಂತ 8: ನಕಲಿಸಿಕೊಂಡು, ಹೋಲಿಸಿ

24 ಬಿಟ್, 96 ಕಿಲೊಹರ್ಟ್ಸ್ ವೇವ್ ಕಡತವಾಗಿ ಒಂದೇ ಓಟದಲ್ಲಿ ಇಡೀ ಬದಿ ತೆಗೆಯಿರಿ. ಡಾಲ್ಬಿ ಇದೆ ಅನಿಸಿದರೆ ಹಾಕಿ ಒಂದು, ಹಾಕದೆ ಒಂದು. ಹಿಸ್ ತೆಗೆಯುವ ಕೆಲಸ ಮೂಲ ಕಡತದ ಮೇಲೆ ಬೇಡ.

ಈಗ ಅಸಲಿ ಪರೀಕ್ಷೆ. ಪ್ರತಿ ಹಾಡಿನ ಅವಧಿಯನ್ನು ಬಿಡುಗಡೆಯಾದ ಪ್ರತಿಯ ಪಕ್ಕದಲ್ಲಿ ಬರೆಯಿರಿ. ಉದಾಹರಣೆಗೆ, ಬಿಡುಗಡೆಯಾದದ್ದರಲ್ಲಿ 240, 200, 300, 220 ಸೆಕೆಂಡು. ನಿಮ್ಮ ಟೇಪಿನಲ್ಲಿ 237, 198, 296, 241. ಮೊದಲ ಮೂರೂ ಶೇಕಡಾ ಒಂದರ ಆಸುಪಾಸು ಕಡಿಮೆ. ಅದು ಡೆಕ್‌ನ ವೇಗ ತುಸು ಹೆಚ್ಚಾದ ಲೆಕ್ಕ, ಬೇರೆ ಮಿಕ್ಸ್ ಅಲ್ಲ. ನಾಲ್ಕನೆಯದು ಮಾತ್ರ ಎದುರು ದಿಕ್ಕಿಗೆ 21 ಸೆಕೆಂಡು ಹೋಗಿದೆ. ಕಿವಿಗೊಟ್ಟು ಕೇಳಬೇಕಾದದ್ದು ಅದು. ಎರಡು ಮೂರು ಸೆಕೆಂಡಿನ ವ್ಯತ್ಯಾಸ ಕಂಡು ‘ಬಿಡುಗಡೆಯಾಗದ ಆವೃತ್ತಿ’ ಎಂದು ಸಾರಿದವರು ಬಹಳ ಮಂದಿ.

ಧ್ವನಿಯ ಕಂಪನಾಂಕಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ಕೂಡ ನೋಡಿ. ಕ್ಯಾಸೆಟ್ಟಿನಲ್ಲಿ ತಾರಸ್ವರಗಳು ಇಳಿಜಾರಿನಂತೆ ಕ್ರಮೇಣ ಕರಗುತ್ತವೆ. 16 ಕಿಲೊಹರ್ಟ್ಸ್ ಬಳಿ ಚಾಕುವಿನಿಂದ ಕೊಯ್ದಂತೆ ಸಂಗೀತ ನಿಂತು ಮೇಲೆ ಬರೀ ಹಿಸ್ ಇದ್ದರೆ ಎಂಪಿ3 ಕಡತದಿಂದ ಇಳಿಸಿದ ಟೇಪು ಎಂಬ ಗುಮಾನಿ ಗಟ್ಟಿ. 1980ರ ದಶಕದ ಟೇಪಿಗೆ ಆ ಗೆರೆ ಬರಲು ಕಾರಣವೇ ಇಲ್ಲ.

ಕಾನೂನಿನ ವಿಷಯ ಚಿಕ್ಕದು. ‘ಲೇಬಲ್‌ನ ಸ್ವತ್ತು, ಮಾರಬಾರದು’ ಎಂಬ ಮೊಹರಿನ ಕುರಿತು ಅಮೆರಿಕದ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2011ರಲ್ಲಿ ಪ್ರೊಮೊ ಸಿಡಿಗಳ ಪ್ರಕರಣದಲ್ಲಿ ತೀರ್ಪಿತ್ತು, ಕೇಳದೆ ಕಳಿಸಿದ ಪ್ರತಿಗಳನ್ನು ಪಡೆದವರು ಮಾರಬಹುದು ಎಂದಿದೆ. ಬೇರೆ ದೇಶಗಳ ನಿಯಮ ಬೇರೆ. ಟೇಪು ನಿಮ್ಮದಾದರೂ ಅದರೊಳಗಿನ ಧ್ವನಿಯ ಹಕ್ಕು ನಿಮ್ಮದಲ್ಲ. ನಕಲಿಸಿದ ಕಡತವನ್ನು ಜಾಲಕ್ಕೆ ಏರಿಸಬೇಡಿ.

ಹಂತ 9: ಕಪಾಟಿಗೆ

ಟೇಪನ್ನು ಒಂದು ತುದಿಯವರೆಗೆ ಪ್ಲೇ ವೇಗದಲ್ಲೇ ಓಡಿಸಿ, ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿಡಿ. 18ರಿಂದ 20 ಡಿಗ್ರಿ ಸೆಲ್ಸಿಯಸ್, 30ರಿಂದ 40 ಪ್ರತಿಶತ ತೇವಾಂಶ ಆದರ್ಶ. ಅಷ್ಟು ಆಗದಿದ್ದರೆ ಏರಿಳಿತವನ್ನಾದರೂ ತಪ್ಪಿಸಿ. ಸ್ಪೀಕರ್ ಪಕ್ಕ, ಕಿಟಕಿಯ ಹತ್ತಿರ, ನೆಲದ ಮಟ್ಟ ಬೇಡ.

ಜೆ-ಕಾರ್ಡು, ಪತ್ರಿಕಾ ಹಾಳೆಗಳನ್ನು ಪಾಲಿಯೆಸ್ಟರ್ ಕವಚದಲ್ಲಿಡಿ, ಪಿವಿಸಿ ಬೇಡ. ಲ್ಯಾಮಿನೇಟ್ ಮಾಡಿದರೆ ಹಿಂದಿರುಗುವ ದಾರಿಯಿಲ್ಲ. ರಬ್ಬರ್‌ಬ್ಯಾಂಡ್ ಕರಗಿ ಅಂಟುತ್ತದೆ. ಡಬ್ಬಿ ಒಡೆದಿದ್ದರೆ ಬದಲಿಸಿ, ಆದರೆ ಪ್ರೊಮೊ ಸ್ಟಿಕರ್ ಡಬ್ಬಿಯ ಮೇಲೇ ಇದ್ದರೆ ಒಡಕಿನ ಸಮೇತ ಉಳಿಸಿ. ಕ್ರಮಸಂಖ್ಯೆಯನ್ನು ಕವಚದ ಮೇಲೆ ಬರೆಯಿರಿ, ಮೂಲ ಕಾಗದದ ಮೇಲಲ್ಲ. ಅದೇ ಸಂಖ್ಯೆಯಡಿ ದಾಖಲೆ ಪುಸ್ತಕದಲ್ಲಿ ಯಾರಿಂದ ಬಂತು, ಯಾವ ದಿನ, ಜೊತೆಗೆ ಏನಿತ್ತು, ಯಾವ ರಿಪೇರಿಯಾಯಿತು, ಬಂದ ದಿನದ ಫೋಟೊ ಎಲ್ಲಿದೆ ಎಂಬುದಿಷ್ಟು ಇರಲಿ. ಪ್ಯಾಡು ಬದಲಿಸಿದ್ದರೆ ಅದನ್ನೂ ಬರೆಯಿರಿ, ಮುಂದೆ ಕೊಳ್ಳುವವರು ಶೆಲ್ ಬಿಚ್ಚಿ ನೋಡಿಯೇ ನೋಡುತ್ತಾರೆ.